ಪಾಪ್-ಅಪ್ ಕ್ಯಾಂಪರ್ ಜೊತೆ ಮೆಕಿನ್ನೀ ಫಾಲ್ಸ್‌ನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಟೆಕ್ಸಾಸ್‌ನ ಆಸ್ಟಿನ್ ಹತ್ತಿರ, ಸೀಡರ್ ಪಾರ್ಕ್ ಎಂಬ ಊರಿನಲ್ಲಿ. ನಮ್ಮ ಹತ್ತಿರ ಒಂದು ಹಳೆಯ ಪಾಪ್-ಅಪ್ ಕ್ಯಾಂಪರ್ ಇದೆ. ಅದನ್ನು ತೆಗೆದುಕೊಂಡು ನಾವು ಹೆಚ್ಚು ಸಲ ಹೋಗುವುದು ಆಸ್ಟಿನ್ ಅಂಚಿನಲ್ಲೇ ಇರುವ ಮೆಕಿನ್ನೀ ಫಾಲ್ಸ್ ಸ್ಟೇಟ್ ಪಾರ್ಕ್‌ಗೆ. ಯುಗಾದಿ ಊಟಕ್ಕೆ ಸೇರಿದಾಗ, ಮಕ್ಕಳ ಕನ್ನಡ ಕ್ಲಾಸ್ ಮುಗಿಯಲಿ ಅಂತ ಹೊರಗೆ ಕಾಯುವಾಗ, ವಾಟ್ಸಾಪ್‌ನಲ್ಲಿ, ಗೆಳೆಯರು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರ ಬರೆದಿದ್ದೇನೆ.

## ಶುರು ಮಾಡುವ ಮುಂಚೆ

ಪಾಪ್-ಅಪ್ ಅಂದ್ರೆ ಟೆಂಟಾ, ಗಾಡಿನಾ?

ಎರಡೂ ಹೌದು. ಕೆಳಗೆ ಚಕ್ರದ ಮೇಲೆ ಒಂದು ಪೆಟ್ಟಿಗೆ, ಅದರ ಮೇಲೆ ಮುಚ್ಚಳದ ಹಾಗೆ ಕೂತ ಗಟ್ಟಿ ಚಾವಣಿ. ಜಾಗ ತಲುಪಿದ ಮೇಲೆ ಹ್ಯಾಂಡಲ್ ತಿರುಗಿಸಿದರೆ ಚಾವಣಿ ಮೇಲೇಳುತ್ತದೆ. ಎರಡು ತುದಿಯ ಹಾಸಿಗೆಗಳನ್ನು ಡ್ರಾಯರ್ ಎಳೆದ ಹಾಗೆ ಹೊರಗೆ ಎಳೆಯಬೇಕು. ಸುತ್ತ ಕ್ಯಾನ್ವಾಸ್ ಗೋಡೆ, ಜಾಲರಿ ಕಿಟಕಿ. ಒಳಗೆ ಸಾಮಾನ್ಯವಾಗಿ ಒಂದು ಮೇಜು, ಸಣ್ಣ ಸಿಂಕ್, ಒಲೆ, ಫ್ರಿಜ್ ಇರುತ್ತವೆ. ಇಂಡಿಯಾನಾದಲ್ಲಿ 1968ರಲ್ಲಿ ಲಾಯ್ಡ್ ಬಾಂಟ್ರೇಗರ್ ಶುರು ಮಾಡಿದ ಜೇಕೋ ಕಂಪನಿ ಮೊದಲು ಹೆಸರು ಮಾಡಿದ್ದು ಈ ಚಾವಣಿ ಎತ್ತುವ ವ್ಯವಸ್ಥೆಯಿಂದಲೇ.

ಟೆಂಟೇ ಸಾಕಲ್ವಾ? ಇಷ್ಟು ದುಡ್ಡು ಯಾಕೆ?

ಗಟ್ಟಿ ಬೆನ್ನಿರುವ ಇಬ್ಬರಿಗೆ ಟೆಂಟೇ ಸಾಕು. ಚಿಕ್ಕ ಮಕ್ಕಳಿದ್ದರೆ, ಊರಿಂದ ಅಪ್ಪ ಅಮ್ಮ ಬಂದಿದ್ದರೆ ವ್ಯತ್ಯಾಸ ಗೊತ್ತಾಗುತ್ತದೆ. ನೆಲದಿಂದ ಮೇಲೆ ಮಲಗುತ್ತೀರಿ. ರಾತ್ರಿ ಮಳೆ ಬಂದರೆ ಹಾಸಿಗೆ ಕೆಳಗೆ ನೀರು ಹರಿಯುವುದಿಲ್ಲ. ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಎಸಿ ಹಾಕಬಹುದು. ಪಾತ್ರೆ, ಹೊದಿಕೆ, ಟಾರ್ಚ್ ಎಲ್ಲ ವರ್ಷವಿಡೀ ಅದರಲ್ಲೇ ಇರುತ್ತವೆ. ಹೊರಡುವ ದಿನ ತುಂಬಬೇಕಾದ್ದು ಬಟ್ಟೆ ಮತ್ತು ಊಟ ಮಾತ್ರ.

ಮನೆಯಿಂದ ಮುಕ್ಕಾಲು ಗಂಟೆ ದೂರದಲ್ಲಿ ಕ್ಯಾಂಪಿಂಗಾ? ಅದ್ರಲ್ಲೇನಿದೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ನನಗೆ ತುಂಬಾ ಇಷ್ಟವಾದ ಪ್ರಶ್ನೆಯೂ ಹೌದು.

ದೂರದ ಕ್ಯಾಂಪಿಂಗ್ ವರ್ಷಕ್ಕೆ ಒಂದೋ ಎರಡೋ ಸಲ. ರಜೆ ಹಾಕಬೇಕು, ಪಟ್ಟಿ ಬರೆಯಬೇಕು, ಎಂಟು ಗಂಟೆ ಗಾಡಿ ಓಡಿಸಬೇಕು. ಹತ್ತಿರದ್ದು ಹಾಗಲ್ಲ. ಶುಕ್ರವಾರ ಕೆಲಸ ಮುಗಿಸಿ ಹೊರಟರೆ ಕತ್ತಲಾಗುವ ಮುಂಚೆ ಚಾವಣಿ ಎದ್ದಿರುತ್ತದೆ. ಔಷಧಿ ಮರೆತರೆ ಒಬ್ಬರು ಹೋಗಿ ತರಬಹುದು. ಮಗುವಿಗೆ ಜ್ವರ ಬಂದರೆ ರಾತ್ರಿ ಹನ್ನೊಂದಕ್ಕೂ ಮನೆಗೆ ಬಂದು ಮಲಗಬಹುದು. ನಾವು ಒಮ್ಮೆ ಹಾಗೇ ಬಂದೆವು, ಮರುದಿನ ಹೋಗಿ ಕ್ಯಾಂಪರ್ ಮಡಚಿ ತಂದೆವು.

ಇನ್ನೊಂದು ಮಾತು. ಪಾಪ್-ಅಪ್ ಒಂದು ಯಂತ್ರ. ಅದನ್ನು ಕಲಿಯಲು ನಾಲ್ಕೈದು ಸಲವಾದರೂ ಬಿಚ್ಚಿ ಮಡಚಬೇಕು. ಮೊದಲ ಸಲವೇ ದೂರದ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಅಲ್ಲಿ ಗ್ಯಾಸ್ ಹತ್ತದಿದ್ದರೆ ಮನೆಯವರೆಲ್ಲ ಇದರ ಸಹವಾಸವೇ ಬೇಡ ಅಂತಾರೆ. ಹತ್ತಿರದ ಜಾಗದಲ್ಲಿ ತಪ್ಪು ಮಾಡಿದರೆ ಏನೂ ಕಳೆದುಕೊಳ್ಳುವುದಿಲ್ಲ. ಕ್ಯಾಂಪಿಂಗ್ ರೂಢಿಯಾಗುವುದು ಹತ್ತಿರದ ಜಾಗದಿಂದಲೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮದು ಸಿಯೆನ್ನಾ. ಎಳೆಯುತ್ತಾ?

ಟೊಯೋಟಾ ಸಿಯೆನ್ನಾ, ಹೋಂಡಾ ಒಡಿಸ್ಸಿ ಎರಡೂ ಎಳೆಯಬಹುದಾದ ತೂಕ ಗರಿಷ್ಠ 3,500 ಪೌಂಡ್. ಸಣ್ಣ ಮತ್ತು ಮಧ್ಯಮ ಪಾಪ್-ಅಪ್‌ಗಳು ಖಾಲಿ ಇದ್ದಾಗ ಸಾಮಾನ್ಯವಾಗಿ 1,500ರಿಂದ 2,500 ಪೌಂಡ್ ತೂಗುತ್ತವೆ. ನೀರು, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಪಾತ್ರೆ ಸೇರಿದರೆ ಇನ್ನೂ ನಾಲ್ಕೈದು ನೂರು ಏರುತ್ತದೆ. 2025ರವರೆಗಿನ ಟೊಯೋಟಾ ಆರ್‌ಎವಿ4 ಹೈಬ್ರಿಡ್‌ಗೆ 1,750, ಹೈಬ್ರಿಡ್ ಅಲ್ಲದ ಹೋಂಡಾ ಸಿಆರ್-ವಿಗೆ 1,500 ಪೌಂಡ್ ಮಾತ್ರ. ಅವಕ್ಕೆ ತೀರಾ ಹಗುರವಾದದ್ದನ್ನೇ ಹುಡುಕಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವ ಅಂಕಿಯೇ ಕೊನೆಯ ಮಾತು. ಮಾರುವವರು "ಆರಾಮಾಗಿ ಎಳೆಯುತ್ತೆ" ಅಂದರೆ ನಂಬಬೇಡಿ.

ಒಟ್ಟು ತೂಕದಲ್ಲಿ ಶೇ. 10ರಿಂದ 15 ಭಾಗ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ಹೈವೇಯಲ್ಲಿ ಟ್ರೇಲರ್ ಬಾಲದ ಹಾಗೆ ಅಲ್ಲಾಡುತ್ತದೆ. ಅದಕ್ಕೇ ಭಾರದ ಸಾಮಾನನ್ನು ಹಿಂದೆ ತುಂಬಬಾರದು.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನು ನೋಡ್ಬೇಕು?

ಪೂರ್ತಿ ಬಿಚ್ಚಿ ತೋರಿಸದೆ ದುಡ್ಡು ಕೊಡಬೇಡಿ. ನಾವು ಮೊದಲು ಕೊಂಡಿದ್ದರಲ್ಲಿ ಈ ತಪ್ಪು ಮಾಡಿದೆವು. ಸಂಜೆ ಹೊತ್ತು, ಮಳೆ ಬರುವ ಹಾಗಿತ್ತು, ಅರ್ಧ ಎತ್ತಿ ತೋರಿಸಿದರು. ಮನೆಗೆ ತಂದು ನೋಡಿದರೆ ಬಾಗಿಲ ಹತ್ತಿರ ನೆಲದ ಹಲಗೆ ನೀರು ಕುಡಿದು ಮೆತ್ತಗಾಗಿತ್ತು. ಆ ಹಲಗೆ ಬದಲಾಯಿಸಲು ಎರಡು ತಿಂಗಳ ವಾರಾಂತ್ಯ ಹೋಯಿತು.

ಬರಿಗಾಲಲ್ಲಿ ಒಳಗೆಲ್ಲ ಓಡಾಡಿ ನೋಡಿ, ನೆಲ ಎಲ್ಲಿ ತಗ್ಗುತ್ತದೋ ಗೊತ್ತಾಗುತ್ತದೆ. ಚಾವಣಿಯ ಮೂಲೆ ಒತ್ತಿ ನೋಡಿ. ಮೂಗಿಗೆ ಮುಗ್ಗಲು ವಾಸನೆ ಬಂದರೆ ಅದು ಕ್ಯಾನ್ವಾಸಿನಲ್ಲಿ ಕೂತ ಬೂಸ್ಟು, ಸುಲಭಕ್ಕೆ ಹೋಗಲ್ಲ. ಕತ್ತಲಲ್ಲಿ ಒಳಗೆ ದೀಪ ಹಾಕಿ ಹೊರಗಿಂದ ನೋಡಿದರೆ ಸಣ್ಣ ತೂತುಗಳು ನಕ್ಷತ್ರದ ಹಾಗೆ ಕಾಣುತ್ತವೆ. ಎಸಿ, ಒಲೆ, ಫ್ರಿಜ್ ಕೆಟ್ಟಿದ್ದರೆ ಸರಿ ಮಾಡಿಸಬಹುದು. ಮರ ಕೊಳೆತಿದ್ದರೆ ಬೇರೆ ನೋಡಿ.

ನಮ್ಮ ಎಚ್‌ಒಎ ಬಿಡಲ್ಲ. ಎಲ್ಲಿ ನಿಲ್ಲಿಸೋದು?

ಎಚ್‌ಒಎ ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ. ಇಲ್ಲಿನ ಬಹಳಷ್ಟು ಬಡಾವಣೆಗಳಲ್ಲಿ ಟ್ರೇಲರನ್ನು ಡ್ರೈವ್‌ವೇಯಲ್ಲಿ ಒಂದೆರಡು ದಿನಕ್ಕಿಂತ ಜಾಸ್ತಿ ನಿಲ್ಲಿಸುವಂತಿಲ್ಲ. ಆದರೆ ಮಡಚಿದ ಪಾಪ್-ಅಪ್ ಗ್ಯಾರೇಜಿನ ಬಾಗಿಲಲ್ಲಿ ಹಿಡಿಸುವಷ್ಟು ಗಿಡ್ಡ. ಚಾವಣಿ ಮೇಲೆ ಎಸಿ ಇದ್ದರೆ ಅದರ ಎತ್ತರವನ್ನೂ ಸೇರಿಸಿ, ಉದ್ದವನ್ನು ಕೊಂಡಿಯ ತುದಿಯಿಂದ ಅಳೆಯಿರಿ. ಹಿಡಿಸದಿದ್ದರೆ ಬಾಡಿಗೆ ಸ್ಟೋರೇಜ್. ಚಾವಣಿ ಇರುವ ಜಾಗಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ, ಟೆಕ್ಸಾಸ್ ಬಿಸಿಲು ಮತ್ತು ಆಲಿಕಲ್ಲು ಎರಡೂ ಕೆಟ್ಟವು.

## ಜಾಗ, ಬುಕಿಂಗ್, ಕಾಲ

ಮೆಕಿನ್ನೀ ಫಾಲ್ಸೇ ಯಾಕೆ? ಅಲ್ಲಿ ಏನಿದೆ?

ಆಸ್ಟಿನ್‌ನ ಕ್ಯಾಪಿಟಲ್ (ರಾಜ್ಯದ ಶಾಸನಸಭೆ) ಕಟ್ಟಡದಿಂದ ಬರೀ 13 ಮೈಲಿ. ಆನಿಯನ್ ಕ್ರೀಕ್ ಮತ್ತು ವಿಲಿಯಮ್ಸನ್ ಕ್ರೀಕ್ ಎಂಬ ಎರಡು ಹೊಳೆ ಇಲ್ಲಿ ಸೇರುತ್ತವೆ. ಅಪ್ಪರ್ ಫಾಲ್ಸ್, ಲೋವರ್ ಫಾಲ್ಸ್ ಅಂತ ಎರಡು ಸಣ್ಣ ಜಲಪಾತ. ಜೋಗ ನೋಡಿದವರು ಜಲಪಾತ ಅಂತ ದೊಡ್ಡ ಆಸೆ ಇಟ್ಟುಕೊಂಡು ಬರಬೇಡಿ. ಇಲ್ಲಿನ ಚಂದ ಇರುವುದು ಅಗಲವಾದ ಬಿಳಿ ಸುಣ್ಣಕಲ್ಲಿನ ಹಾಸಿನಲ್ಲಿ. ಸಂಜೆ ಆ ಕಲ್ಲು ಇನ್ನೂ ಬೆಚ್ಚಗಿರುವಾಗ ಕಾಲು ಚಾಚಿ ಕೂತರೆ ಏಳುವ ಮನಸ್ಸಾಗಲ್ಲ.

ಹತ್ತಿರದ ಪೈಲಟ್ ನಾಬ್ ಎಂಬ ಗುಡ್ಡ ಸುಮಾರು 8 ಕೋಟಿ ವರ್ಷಗಳ ಹಿಂದೆ ಸಮುದ್ರದ ಕೆಳಗಿದ್ದ ಜ್ವಾಲಾಮುಖಿ. ಹೊಳೆ ದಂಡೆಯಲ್ಲಿ ಓಲ್ಡ್ ಬಾಲ್ಡಿ ಎಂಬ ಬಾಲ್ಡ್ ಸೈಪ್ರೆಸ್ ಮರ ಇದೆ, ವಯಸ್ಸು 500 ದಾಟಿದೆ. ಪಾರ್ಕಿಗೆ ಹೆಸರು ಬಂದದ್ದು ಥಾಮಸ್ ಮೆಕಿನ್ನೀ ಎಂಬಾತನಿಂದ. ಆತನ ಕಲ್ಲಿನ ಮನೆಯ ಪಾಳು ಇವತ್ತಿಗೂ ಇದೆ. ಪಾರ್ಕ್ ಜನರಿಗೆ ತೆರೆದದ್ದು 1976ರಲ್ಲಿ.

ಪಾಪ್-ಅಪ್ ಇರುವವರಿಗೆ ಮುಖ್ಯವಾದ ವಿಷಯ ಬೇರೆ. ಇಲ್ಲಿನ 81 ಸೈಟುಗಳಿಗೆ, ಅಂದರೆ ಕ್ಯಾಂಪ್ ಹಾಕುವ ಜಾಗಗಳಿಗೆ, ಕರೆಂಟು ಮತ್ತು ನೀರು ಇದೆ. ಬಿಸಿನೀರಿನ ಸ್ನಾನದ ಮನೆ ಇದೆ.

ಯಾವಾಗ ನೋಡಿದ್ರೂ ಫುಲ್. ಹೇಗೆ ಸಿಗುತ್ತೆ?

ಟೆಕ್ಸಾಸ್ ಸ್ಟೇಟ್ ಪಾರ್ಕ್‌ಗಳ ಸೈಟುಗಳನ್ನು ಐದು ತಿಂಗಳ ಮುಂಚೆಯಿಂದ ಬುಕ್ ಮಾಡಬಹುದು. ಮಾರ್ಚ್, ಏಪ್ರಿಲ್, ಅಕ್ಟೋಬರ್, ನವೆಂಬರ್ ವಾರಾಂತ್ಯ ಬೇಕಿದ್ದರೆ ಬುಕಿಂಗ್ ತೆರೆಯುವ ದಿನ ಬೆಳಿಗ್ಗೆಯೇ ಕೂತು ಮಾಡಿ. ಮಾರ್ಚಿನ ಸೌತ್ ಬೈ ಸೌತ್‌ವೆಸ್ಟ್ ಉತ್ಸವ, ಅಕ್ಟೋಬರಿನ ಆಸ್ಟಿನ್ ಸಿಟಿ ಲಿಮಿಟ್ಸ್ ಸಂಗೀತೋತ್ಸವ, ಫಾರ್ಮುಲಾ ಒನ್ ರೇಸ್ ಇರುವ ವಾರಗಳನ್ನು ಬಿಟ್ಟುಬಿಡಿ. ಊರು ಹತ್ತಿರ ಇರುವುದರಿಂದ ಹೋಟೆಲ್ ಸಿಗದವರೂ ಇಲ್ಲಿಗೇ ಬರುತ್ತಾರೆ.

ಹತ್ತಿರ ಇರುವವರಿಗೆ ಒಂದು ಅನುಕೂಲ ಇದೆ. ಬುಧವಾರ, ಗುರುವಾರ ನೋಡುತ್ತಿರಿ, ದೂರದವರು ಕ್ಯಾನ್ಸಲ್ ಮಾಡಿದ ಸೈಟುಗಳು ತೆರೆದುಕೊಳ್ಳುತ್ತವೆ. ನಮಗೆ ಅರ್ಧಕ್ಕರ್ಧ ಸಿಕ್ಕಿದ್ದು ಹಾಗೇ. ಭಾನುವಾರದ ರಾತ್ರಿ ಸುಲಭವಾಗಿ ಸಿಗುತ್ತದೆ. ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ಆಫೀಸಿಗೆ ಹೋದವರೂ ಇದ್ದಾರೆ.

ಸೈಟಿನ ಬಾಡಿಗೆ ಬೇರೆ, ಪ್ರವೇಶ ಶುಲ್ಕ ಬೇರೆ. 12 ವರ್ಷದವರೆಗಿನ ಮಕ್ಕಳಿಗೆ ಪ್ರವೇಶ ಉಚಿತ. ವರ್ಷಕ್ಕೆ ಮೂರ್ನಾಲ್ಕು ಸಲ ಹೋಗುವವರು ಸ್ಟೇಟ್ ಪಾರ್ಕ್ಸ್ ಪಾಸ್ ತೆಗೆದುಕೊಂಡರೆ ಅದೇ ಗಾಡಿಯಲ್ಲಿ ಬಂದ ಎಲ್ಲರ ಪ್ರವೇಶ ಶುಲ್ಕ ಉಳಿಯುತ್ತದೆ. ಒಂದು ಸೈಟಿಗೆ ಎಂಟು ಜನ.

ಯಾವ ತಿಂಗಳು ಒಳ್ಳೇದು?

ನವೆಂಬರ್, ಆಮೇಲೆ ಮಾರ್ಚ್ ಕೊನೆಯಿಂದ ಏಪ್ರಿಲ್. ಏಪ್ರಿಲ್‌ನಲ್ಲಿ ರಸ್ತೆ ಬದಿಯಲ್ಲೆಲ್ಲ ಬ್ಲೂಬಾನೆಟ್ ಹೂವು. ಜುಲೈ, ಆಗಸ್ಟ್‌ನಲ್ಲಿ ಕ್ಯಾನ್ವಾಸ್ ಮನೆಯ ಎಸಿ ಹಗಲು ಸೋಲುತ್ತದೆ, ರಾತ್ರಿ ಮಾತ್ರ ಗೆಲ್ಲುತ್ತದೆ. ಹೊರಗೆ ಚಾಚಿದ ಹಾಸಿಗೆಗಳ ಮೇಲೆ ಬೆಳ್ಳಿ ಬಣ್ಣದ ಹೊದಿಕೆ ಹಾಕಿದರೆ ತುಂಬಾ ಸಹಾಯವಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿದ್ದರೂ ಸೀಡರ್ ಮರದ ಪರಾಗ ಹಾರುವ ಕಾಲ. ನಿಮಗೆ ಸೀಡರ್ ಫೀವರ್ (ಆ ಪರಾಗದ ಅಲರ್ಜಿ) ಇದ್ದರೆ, ಜಾಲರಿ ಕಿಟಕಿ ಪರಾಗವನ್ನು ತಡೆಯುವುದಿಲ್ಲ ಅನ್ನುವುದು ನೆನಪಿರಲಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಕರ್ಕೊಂಡು ಹೋಗಬಹುದಾ?

ಖಂಡಿತ ಹೋಗಿ. ಎರಡು ವಿಷಯ ಮಾತ್ರ ನೋಡಿಕೊಳ್ಳಿ. ಹಾಸಿಗೆ ಸೊಂಟದ ಎತ್ತರದಲ್ಲಿದೆ, ಹತ್ತಲು ಗಟ್ಟಿಯಾದ ಸ್ಟೂಲ್ ಬೇಕು. ಮಂಡಿ ನೋವಿದ್ದರೆ ಮೇಜನ್ನು ಇಳಿಸಿ ಮಾಡುವ ಮಧ್ಯದ ಹಾಸಿಗೆ ಕೊಡಿ, ಅದು ತಗ್ಗಿನಲ್ಲಿದೆ. ಇನ್ನೊಂದು, ರಾತ್ರಿ ಬಚ್ಚಲಿಗೆ ಹೋಗುವ ದಾರಿ. ಸೈಟ್ ಆರಿಸುವಾಗಲೇ ನಕ್ಷೆಯಲ್ಲಿ ಬಚ್ಚಲ ಮನೆಗೆ ಹತ್ತಿರದ್ದನ್ನು ನೋಡಿ.

ನನ್ನ ಅತ್ತೆ ಮೊದಲು "ಮನೆ ಬಿಟ್ಟು ಡೇರೆಯಲ್ಲಿ ಯಾಕೆ ಮಲಗಬೇಕು" ಅಂದಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಹೊರಗೆ ಕಾಫಿ ಹಿಡಿದು ಕೂತಾಗ ಎದುರಿಗೆ ಮೂರು ಜಿಂಕೆ ಬಂದು ನಿಂತವು. ಆಮೇಲೆ ಮೈಸೂರಿಗೆ ಫೋನ್ ಮಾಡಿದಾಗೆಲ್ಲ ಅದೇ ಸುದ್ದಿ. ಆರು ತಿಂಗಳು ಇಲ್ಲಿದ್ದರೂ ಮನೆಯ ನಾಲ್ಕು ಗೋಡೆ ಬಿಟ್ಟು ಹೆಚ್ಚು ನೋಡದ ಹಿರಿಯರಿಗೆ ಈ ಒಂದು ರಾತ್ರಿ ದೊಡ್ಡದು.

## ಅಲ್ಲಿ ತಲುಪಿದ ಮೇಲೆ

ಬಿಚ್ಚಿ ನಿಲ್ಲಿಸೋಕೆ ಎಷ್ಟು ಹೊತ್ತು? ಯಾವುದು ಮೊದಲು?

ಮೊದಲ ಸಲ ಒಂದೂವರೆ ಗಂಟೆ, ಪಳಗಿದ ಮೇಲೆ ಅರ್ಧ ಗಂಟೆ. ಕ್ರಮ ತಪ್ಪಬಾರದು. ಕಾರಿನಿಂದ ಬಿಡಿಸುವ ಮುಂಚೆಯೇ ಎಡಬಲ ಸಮ ಮಾಡಿ, ತಗ್ಗಿನ ಕಡೆಯ ಚಕ್ರದ ಕೆಳಗೆ ಹಲಗೆ ಕೊಡಿ. ಚಕ್ರಗಳಿಗೆ ಅಡ್ಡ ಕೊಟ್ಟ ಮೇಲೆ ಕೊಂಡಿ ಬಿಚ್ಚಿ. ಮುಂದಿನ ಜಾಕಿನಿಂದ ಹಿಂದೆ ಮುಂದೆ ಸಮ ಮಾಡಿ. ನಂತರ ನಾಲ್ಕು ಮೂಲೆಯ ಕಾಲುಗಳನ್ನು ಇಳಿಸಿ. ಅವು ಅಲ್ಲಾಡದಂತೆ ಹಿಡಿಯಲು ಮಾತ್ರ, ಅವುಗಳಿಂದ ಗಾಡಿ ಎತ್ತಲು ಹೋದರೆ ಚೌಕಟ್ಟು ಸೊಟ್ಟಗಾಗುತ್ತದೆ.

ಆಮೇಲೆ ಚಾವಣಿ. ಎತ್ತುವ ಮುಂಚೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಎಲ್ಲ ಚಿಲಕ ತೆಗೆದಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ. ಒಂದು ಚಿಲಕ ಹಾಗೇ ಇದ್ದು ಹ್ಯಾಂಡಲ್ ತಿರುಗಿಸಿದರೆ ಎತ್ತುವ ಕೇಬಲ್ ಕೆಟ್ಟು ಹೋಗುತ್ತದೆ, ಅದು ದುಬಾರಿ ರಿಪೇರಿ. ಮೇಲೆ ಮರದ ಕೊಂಬೆ ಇದೆಯಾ ಅನ್ನುವುದನ್ನೂ ಆಗಲೇ ನೋಡಿ. ಹಾಸಿಗೆ ಎಳೆದ ಮೇಲೆ ಅದರ ಕೆಳಗಿನ ಊರೆಗೋಲು ಸಿಕ್ಕಿಸುವ ತನಕ ಮಕ್ಕಳು ಹತ್ತಬಾರದು.

ಸೈಟಿಗೆ ಹೋಗಲು ಮಧ್ಯಾಹ್ನ 2 ಗಂಟೆ, ಬಿಡಲು ಮಧ್ಯಾಹ್ನ 12. ಕತ್ತಲಲ್ಲಿ ಮೊದಲ ಸಲ ಬಿಚ್ಚಬೇಡಿ.

ಎಸಿ ಜೊತೆ ಇನ್‌ಸ್ಟಂಟ್ ಪಾಟ್ ಇಟ್ಟರೆ ಕರೆಂಟ್ ಹೋಗುತ್ತೆ. ಯಾಕೆ?

ಸೈಟಿನ ಕಂಬದಲ್ಲಿ 30 ಆಂಪ್ ಇದೆ, ಅಂದರೆ 120 ವೋಲ್ಟ್‌ನಲ್ಲಿ 3,600 ವಾಟ್. ಅದು ಸಾಕು. ಆದರೆ ಕ್ಯಾಂಪರ್ ಒಳಗಿನ ಪ್ಲಗ್ಗುಗಳು ಸಾಮಾನ್ಯವಾಗಿ 15 ಆಂಪಿನ, ಅಂದರೆ 1,800 ವಾಟಿನ, ಒಂದೇ ಸಾಲಿನಲ್ಲಿ (ಸರ್ಕ್ಯೂಟ್) ಇರುತ್ತವೆ. ಕೆಟಲ್‌ಗೆ 1,500, ಇನ್‌ಸ್ಟಂಟ್ ಪಾಟ್ ಎಂಬ ಕರೆಂಟಿನ ಕುಕ್ಕರಿಗೆ ಸುಮಾರು 1,000 ವಾಟ್. ಕೆಟಲ್ ಜೊತೆ ಅಂಥ ಇನ್ನೊಂದನ್ನು ಸೇರಿಸಿದರೆ ಬ್ರೇಕರ್ ಬೀಳುತ್ತದೆ. ಎಸಿಗೆ ಬೇರೆ ಸಾಲು ಇಲ್ಲದ ಹಳೆಯ ಕ್ಯಾಂಪರ್ ಆದರೆ ಅಡುಗೆಯ ಹೊತ್ತಲ್ಲಿ ಎಸಿ ಆರಿಸಿ. ಕಂಬ ಮತ್ತು ನಿಮ್ಮ ತಂತಿಯ ನಡುವೆ ಒಂದು ಸರ್ಜ್ ಪ್ರೊಟೆಕ್ಟರ್ (ಕರೆಂಟ್ ದಿಢೀರ್ ಏರಿದರೆ ತಡೆಯುವ ಸಾಧನ) ಹಾಕಿ. ಗುಡುಗು ಮಿಂಚಿನ ಊರಿದು.

ಬಚ್ಚಲ ನೀರು, ಮುಸುರೆ ನೀರು ಎಲ್ಲಿ ಚೆಲ್ಲೋದು?

ನೆಲಕ್ಕೆ ಅಂತೂ ಬೇಡವೇ ಬೇಡ. ನಮ್ಮ ಸಾರಿನ ಎಣ್ಣೆ, ಸಾಸಿವೆ ಬಿದ್ದ ಜಾಗಕ್ಕೆ ರಾತ್ರಿ ರಕೂನ್ ಬರುತ್ತದೆ, ಇರುವೆ ಬರುತ್ತದೆ, ಮಳೆ ಬಂದರೆ ಎಲ್ಲ ಹೊಳೆಗೆ ಹೋಗುತ್ತದೆ. ಬಹಳಷ್ಟು ಪಾಪ್-ಅಪ್‌ಗಳಲ್ಲಿ ಕೊಳೆ ನೀರಿನ ಟ್ಯಾಂಕ್ ಇರುವುದಿಲ್ಲ, ಸಿಂಕಿನ ನೀರು ಪೈಪಿನಿಂದ ಹೊರಗೆ ಬರುತ್ತದೆ. ಅದರ ಕೆಳಗೆ ಮುಚ್ಚಳ ಇರುವ ಕ್ಯಾನ್ ಇಡಿ. ತುಂಬಿದ ಮೇಲೆ ಕೊಳೆ ನೀರು ಸುರಿಯಲೆಂದೇ ಇರುವ ಪಾರ್ಕಿನ ಡಂಪ್ ಸ್ಟೇಷನ್‌ನಲ್ಲಿ ಸುರಿಯಿರಿ. ಪಾತ್ರೆಯ ಎಂಜಲನ್ನು ಮೊದಲು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿದರೆ ಅರ್ಧ ಕೆಲಸ ಮುಗಿಯಿತು. ನಲ್ಲಿಗೆ ಹಾಕುವ ಪೈಪು ಕುಡಿಯುವ ನೀರಿನದ್ದೇ ಇರಲಿ, ತೋಟದ ಪೈಪು ಬೇಡ.

ಅಡುಗೆ ಒಳಗೇ ಮಾಡಬಹುದಾ?

ಹಾಲು ಕಾಯಿಸಿ, ಕಾಫಿ ಮಾಡಿ. ಒಗ್ಗರಣೆ ಮಾತ್ರ ಹೊರಗೆ. ಇಂಗು, ಈರುಳ್ಳಿ, ಕರಿದ ಎಣ್ಣೆಯ ವಾಸನೆ ಕ್ಯಾನ್ವಾಸಿಗೆ ಹತ್ತಿದರೆ ಮುಂದಿನ ವರ್ಷವೂ ಇರುತ್ತದೆ. ಹೊರಗೆ ಎರಡು ಬರ್ನರಿನ ಒಲೆ, ಗಾಳಿಗೆ ಮರೆ. ನಮ್ಮ ಮನೆಯ ಪದ್ಧತಿ ಹೀಗೆ: ಶುಕ್ರವಾರ ರಾತ್ರಿಗೆ ಮನೆಯಿಂದ ಕಟ್ಟಿಕೊಂಡ ಮೊಸರನ್ನ, ಶನಿವಾರ ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನಕ್ಕೆ ಪುಳಿಯೋಗರೆ ಗೊಜ್ಜು ಕಲಸಿದ ಅನ್ನ, ರಾತ್ರಿ ಬೆಂಕಿಯಲ್ಲಿ ಸುಟ್ಟ ಜೋಳ ಮತ್ತು ಬದನೆಕಾಯಿ ಎಣ್ಣೆಗಾಯಿ. ಸುಟ್ಟ ಬದನೆಕಾಯಿಯ ಗೊಜ್ಜು ಮಾಡಿದರೆ ಪಕ್ಕದ ಸೈಟಿನವರೂ ಬಂದು ಕೇಳುತ್ತಾರೆ.

ಇದ್ದಿಲ ಒಲೆಯನ್ನು ಮಳೆ ಬಂತು ಅಂತ ಎಂದೂ ಒಳಗೆ ತರಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಕ್ಯಾನ್ವಾಸ್ ಗೋಡೆ ಇದ್ದರೂ ಅದು ಕೊಲ್ಲುತ್ತದೆ. ಪಾರ್ಕಿನಲ್ಲಿ ಬಿದ್ದ ಕಟ್ಟಿಗೆ ಆರಿಸುವಂತಿಲ್ಲ, ಕೊಂಡು ತನ್ನಿ. ಬರಗಾಲದಲ್ಲಿ ಬೆಂಕಿಗೆ ನಿಷೇಧ ಇರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಸದ್ದು, ಇರುವೆ, ಹುಳ ಹುಪ್ಪಟೆ?

ವಿಮಾನ ನಿಲ್ದಾಣ ಹತ್ತಿರ ಇದೆ, ವಿಮಾನದ ಸದ್ದು ಕೇಳುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಪಾರ್ಕಿನಲ್ಲಿ ಗಲಾಟೆ ಮಾಡುವಂತಿಲ್ಲ. ಕ್ಯಾನ್ವಾಸ್ ಒಳಗಿನ ಮಾತು ಹೊರಗೆ ಪೂರ್ತಿ ಕೇಳುತ್ತದೆ, ಕನ್ನಡದಲ್ಲಾದರೂ ಮೆಲ್ಲಗೆ ಮಾತಾಡಿ. ಫೈರ್ ಆ್ಯಂಟ್ ಎಂಬ ಕಚ್ಚುವ ಇರುವೆಯ ಗೂಡು ಎಲ್ಲಿದೆ ಅಂತ ಮೊದಲೇ ನೋಡಿ, ಅದರ ಮೇಲೆ ಜಾಕ್ ಇಳಿಸಬೇಡಿ. ಎತ್ತರದ ಹುಲ್ಲಿನಲ್ಲಿ ಚಿಗರ್ ಎಂಬ ಕಚ್ಚುವ ಸಣ್ಣ ಹುಳ ಇರುತ್ತವೆ, ಉದ್ದ ಪ್ಯಾಂಟ್ ಹಾಕಿ. ತಿಂಡಿಯನ್ನು ರಾತ್ರಿ ಕಾರಿನಲ್ಲಿಡಿ.

## ಸ್ವಲ್ಪ ಪಳಗಿದವರಿಗೆ

ಮಳೆ ಗಾಳಿ ಬಂದ್ರೆ ಒಳಗೇ ಇರಬಹುದಾ?

ಸಾಮಾನ್ಯ ಮಳೆಗೆ ಇರಬಹುದು. ಆ ಸದ್ದು ಕೇಳುತ್ತಾ ಮಲಗುವುದು ಬಲು ಸುಖ. ಬಿರುಗಾಳಿ, ಆಲಿಕಲ್ಲು, ಸುಂಟರಗಾಳಿಯ ಎಚ್ಚರಿಕೆ ಇದ್ದರೆ ಖಂಡಿತ ಬೇಡ. ಎತ್ತಿದ ಚಾವಣಿ ನಾಲ್ಕು ತೆಳು ಕಂಬಗಳ ಮೇಲೆ ನಿಂತಿದೆ. ಪಾರ್ಕಿನ ಗಟ್ಟಿ ಗೋಡೆಯ ಬಚ್ಚಲ ಮನೆಗೆ ಹೋಗಿ, ಅಥವಾ ಸಮಯ ಇದ್ದರೆ ಮನೆಗೆ ಹೊರಡಿ. ಹತ್ತಿರ ಕ್ಯಾಂಪ್ ಮಾಡುವುದರ ಲಾಭ ಇದೇ ಅಲ್ವಾ?

ಹೊಳೆಯ ವಿಷಯ ಇನ್ನೂ ಗಂಭೀರ. ಮಧ್ಯ ಟೆಕ್ಸಾಸಿನ ಕಲ್ಲು ನೆಲ ನೀರು ಹೀರುವುದಿಲ್ಲ. ನಿಮ್ಮ ತಲೆ ಮೇಲೆ ಮೋಡವೇ ಇಲ್ಲದಿದ್ದರೂ ಮೇಲೆ ಎಲ್ಲೋ ಸುರಿದ ಮಳೆ ಹೊಳೆಯಲ್ಲಿ ಬರುತ್ತದೆ. 2013ರ ಅಕ್ಟೋಬರ್ 31ರಂದು, ಮತ್ತೆ 2015ರ ಅಕ್ಟೋಬರ್‌ನಲ್ಲಿ ಆನಿಯನ್ ಕ್ರೀಕ್ ಉಕ್ಕಿ ಪಾರ್ಕಿಗೂ ಅಕ್ಕಪಕ್ಕದ ಮನೆಗಳಿಗೂ ತುಂಬಾ ಹಾನಿಯಾಯಿತು. 2025ರ ಜುಲೈ 4ರ ಬೆಳಗಿನ ಜಾವ ಗ್ವಾಡಲೂಪೆ ನದಿ ಉಕ್ಕಿ ನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಶಿಬಿರಕ್ಕೆ ಬಂದ ಮಕ್ಕಳೂ ಇದ್ದರು. ಆ ದಿನದಿಂದ ನಾವು ಎರಡು ಫೋನುಗಳಲ್ಲಿ ಎಚ್ಚರಿಕೆ ಸದ್ದನ್ನು ಆನ್ ಇಟ್ಟು, ಬ್ಯಾಟರಿ ರೇಡಿಯೋ ಪಕ್ಕದಲ್ಲಿಟ್ಟು ಮಲಗುತ್ತೇವೆ. ನೀರು ಕೆಂಪಾಗಿ ಏರುತ್ತಿದ್ದರೆ ಕ್ಯಾಂಪರ್ ಬಿಟ್ಟು ಮಕ್ಕಳನ್ನು ಎತ್ತಿಕೊಂಡು ಎತ್ತರಕ್ಕೆ ಹೋಗಿ. ರಸ್ತೆ ಮೇಲೆ ನೀರಿದ್ದರೆ ಗಾಡಿ ಇಳಿಸಬೇಡಿ.

ಒದ್ದೆ ಕ್ಯಾನ್ವಾಸ್ ಹಾಗೇ ಮಡಚಿ ತಂದೆ. ಈಗೇನು?

ಅವತ್ತೇ, ತಪ್ಪಿದರೆ ಮರುದಿನ ಬಿಚ್ಚಿ ಒಣಗಿಸಿ. ಎರಡು ದಿನ ದಾಟಿದರೆ ಈ ಸೆಕೆಗೆ ಬೂಸ್ಟು ಶುರುವಾಗುತ್ತದೆ. ಡ್ರೈವ್‌ವೇಯಲ್ಲಿ ಎತ್ತಿ, ಕಿಟಕಿಯ ಜಿಪ್ ಎಲ್ಲ ತೆಗೆದು, ಒಳಗೆ ಫ್ಯಾನ್ ಹಾಕಿ. ಹೊಲಿಗೆಯ ಹತ್ತಿರ ಬೆರಳಿಟ್ಟು ನೋಡಿ, ಕೊನೆಗೆ ಒಣಗುವುದು ಅದೇ. ಅಪಾರ್ಟ್‌ಮೆಂಟಿನವರು ಸ್ಟೋರೇಜಿನವರ ಹತ್ತಿರ ಅಲ್ಲೇ ಬಿಚ್ಚಿ ಒಣಗಿಸಬಹುದಾ ಅಂತ ಬಾಡಿಗೆಗೆ ಮುಂಚೆಯೇ ಕೇಳಿಕೊಳ್ಳಿ.

ಐ-35 ಟ್ರಾಫಿಕ್ ಬೇಡ. 130 ಟೋಲ್ ರಸ್ತೆಯಲ್ಲಿ ಹೋಗಬಹುದಾ?

ಹೋಗಬಹುದು, ನಾವೂ ಹಾಗೇ ಹೋಗುವುದು. ಟೋಲ್ ಅನ್ನು ಆ್ಯಕ್ಸಲ್ ಲೆಕ್ಕದಲ್ಲಿ ಹಾಕುತ್ತಾರೆ, ಟ್ರೇಲರ್ ಇದ್ದರೆ ಜಾಸ್ತಿ. ಅಲ್ಲಿ ವೇಗದ ಮಿತಿ 80 ಮೈಲಿ. ಆದರೆ ಟ್ರೇಲರಿನ ಬಹಳಷ್ಟು ಟೈರುಗಳು 65ಕ್ಕೆ ಮಾತ್ರ ಮಾಡಿದವು. ಬಲಗಡೆಯ ಲೇನಿನಲ್ಲಿ 60ರಲ್ಲಿ ಹೋಗಿ, ಹಿಂದಿನವರು ದಾಟಿ ಹೋಗಲಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹಲ್ಲು ಹೊಸದರಂತೆ ಕಂಡರೂ ಐದಾರು ವರ್ಷ ಆಗಿದ್ದರೆ ಬದಲಾಯಿಸಿ. ಟ್ರೇಲರ್ ಟೈರ್ ಸವೆದು ಹೋಗುವುದಕ್ಕಿಂತ ಬಿಸಿಲಲ್ಲಿ ನಿಂತು ಒಣಗಿ ಒಡೆಯುವುದೇ ಹೆಚ್ಚು. ಹೊರಡುವ ಮುಂಚೆ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ.

ಇಲ್ಲಿ ನಾಲ್ಕೈದು ಸಲ ಆಯ್ತು. ಮುಂದೆ ಎಲ್ಲಿಗೆ?

ಬರ್ನೆಟ್ ಹತ್ತಿರದ ಇಂಕ್ಸ್ ಲೇಕ್ ಸ್ಟೇಟ್ ಪಾರ್ಕ್. ಅಲ್ಲಿನ ಕೆರೆಯ ಮಟ್ಟ ಬರಗಾಲದಲ್ಲೂ ಹೆಚ್ಚು ಇಳಿಯುವುದಿಲ್ಲ, ಮಕ್ಕಳಿಗೆ ಈಜಲು ಚೆನ್ನಾಗಿದೆ, ಕರೆಂಟಿನ ಸೈಟುಗಳಿವೆ. ಆಮೇಲೆ ಪೆಡರ್ನಾಲಿಸ್ ಫಾಲ್ಸ್. ಎನ್‌ಚಾಂಟೆಡ್ ರಾಕ್‌ನ ಹೆಸರು ಕೇಳಿ ಕ್ಯಾಂಪರ್ ಎಳೆದುಕೊಂಡು ಹೋಗಬೇಡಿ, ಅಲ್ಲಿ ನಡೆದು ಹೋಗಿ ಟೆಂಟ್ ಹಾಕಲು ಮಾತ್ರ ಅವಕಾಶ. ಬಿಗ್ ಬೆಂಡ್‌ಗೆ ಹೋಗುವ ಹೊತ್ತಿಗೆ ಕರೆಂಟಿಲ್ಲದೆ ಎರಡು ರಾತ್ರಿ ಇರಲು ಕಲಿತಿರಬೇಕು. ಅದನ್ನೂ ಮೆಕಿನ್ನೀಯಲ್ಲೇ ಅಭ್ಯಾಸ ಮಾಡಬಹುದು: ಕಂಬಕ್ಕೆ ತಂತಿ ಸಿಕ್ಕಿಸಬೇಡಿ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.